ಸಿಂಹಮೀನಿಗೆ ತಿನ್ನಲು ಕಲಿಸಿದ್ದು

ಸಿಂಹಮೀನು ಕೊಳ್ಳಲು ಹೋದವರು ಮೊದಲು ಅದರ ಬಣ್ಣಕ್ಕೆ ಮರುಳಾಗುತ್ತಾರೆ. ಕೆಂಪು-ಬಿಳಿ ಪಟ್ಟೆ, ಬೀಸಣಿಗೆಯ ಹಾಗೆ ಬಿಚ್ಚಿದ ರೆಕ್ಕೆ, ಬೆನ್ನ ಮೇಲೆ ಸಾಲಾಗಿ ನಿಂತ ವಿಷದ ಮುಳ್ಳು. ಅದನ್ನು ಕಂಡ ಕೂಡಲೇ ಜೇಬಿಗೆ ಕೈ ಹಾಕುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೋಡಬೇಕಾದದ್ದು ಬೇರೆ. ಕಣ್ಣು ತಿಳಿಯಾಗಿರಬೇಕು, ಪೊರೆ ಬಂದಂತಿರಬಾರದು. ಹೊಟ್ಟೆ ಒಳಕ್ಕೆ ಹೋಗಿರಬಾರದು. ರೆಕ್ಕೆಯ ಅಂಚು ಹರಿದಿರಬಾರದು, ಉಸಿರು ನಿಧಾನವಾಗಿರಬೇಕು. ಇವೆಲ್ಲ ಸರಿ ಇದ್ದರೂ ಅಂಗಡಿಯವನಿಗೆ ಒಂದು ಮಾತು ಹೇಳಬೇಕು: ನನ್ನೆದುರಿಗೇ ಅದಕ್ಕೆ ತಿನ್ನಿಸಿ ತೋರಿಸು. ಮೀನು ಎಷ್ಟೇ ಚೆಂದ ಇರಲಿ, ತಿನ್ನದಿದ್ದರೆ ಅದನ್ನು ಮನೆಗೆ ತರಬಾರದು.

ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಇಷ್ಟನ್ನು ಹೇಳಿಯೇನು. ಹತ್ತೊಂಬತ್ತು ವರ್ಷ ಗಲ್ಫಿನಲ್ಲಿ ನನ್ನ ಹೊಟ್ಟೆಪಾಡು ಅದೇ ಆಗಿತ್ತು. ಅಲ್ಲಿಯ ದೊಡ್ಡ ಹೋಟೆಲುಗಳಲ್ಲಿ, ಸಿರಿವಂತರ ಮನೆಗಳಲ್ಲಿ ಗೋಡೆಯಷ್ಟಗಲದ ಉಪ್ಪುನೀರಿನ ತೊಟ್ಟಿಗಳಿರುತ್ತವೆ. ಅವುಗಳ ಗಾಜು ಒರೆಸುವುದು, ನೀರು ಬದಲಿಸುವುದು, ಮೀನಿಗೆ ಉಣಿಸುವುದು ನನ್ನ ಕೆಲಸ. ಕರಾವಳಿಯ ನನ್ನ ಊರು ಉದ್ಯಾವರದಲ್ಲಿ ಜನ ನನ್ನನ್ನು ಹೋಟೆಲಿನ ಸೂಪರ್‌ವೈಸರ್ ಎಂದುಕೊಂಡಿದ್ದರು, ನಾನೂ ತಿದ್ದಲು ಹೋಗಲಿಲ್ಲ. ನಿಜ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. "ಮೀನು ತಿನ್ನುವವರ ಊರಿನಿಂದ ಹೋಗಿ ಮೀನಿಗೆ ತಿನ್ನಿಸುವವರು ನೀವೊಬ್ಬರೇ" ಎಂದು ಫೋನಿನಲ್ಲಿ ನಗುತ್ತಿದ್ದಳು.

ಅವಳು ಹೋದ ವರ್ಷದ ಮಳೆಗಾಲದಲ್ಲಿ ತೀರಿಕೊಂಡಳು. ಒಂದು ಆದಿತ್ಯವಾರ ಬೆಳಿಗ್ಗೆ ಅಡುಗೆಮನೆಯ ಹಿಂದೆ, ಬಾವಿಯ ಬಳಿ ಬಿದ್ದಳಂತೆ. ಹೃದಯ ನಿಂತದ್ದು ಮೊದಲೋ ಬಿದ್ದದ್ದು ಮೊದಲೋ ಗೊತ್ತಿಲ್ಲ ಎಂದರು. ನಾನು ಮರುದಿನದ ವಿಮಾನದಲ್ಲಿ ಬಂದು ಒಂದು ಹಿಡಿ ಮಣ್ಣು ಹಾಕಿದೆ. ಒಪ್ಪಂದ ಮುಗಿಸಲು ಮತ್ತೆ ಹೋಗಿ, ಕ್ರಿಸ್ಮಸ್ ಕಳೆದ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ಊರಿಗೇ ಬಂದುಬಿಟ್ಟೆ. ಮಗಳಿದ್ದಳಲ್ಲ, ಅವಳಿಗೆ ಯಾರಾದರೂ ಬೇಕಿತ್ತು.

ಮಗಳು ನಿಟ್ಟೆಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಳು. ಹಾಸ್ಟೆಲಿನಲ್ಲಿದ್ದವಳು, ಅಪ್ಪ ಬಂದನೆಂದು ಹಾಸ್ಟೆಲ್ ಬಿಟ್ಟು ಉದ್ಯಾವರದಿಂದಲೇ ಕಾಲೇಜಿನ ಬಸ್ಸಿನಲ್ಲಿ ಹೋಗಿಬರತೊಡಗಿದಳು. ನಾನು ಅವಳಿಗೋಸ್ಕರ ಬಂದೆ, ಅವಳು ನನಗೋಸ್ಕರ ಬಂದಳು. ಬಂದ ಮೇಲೆ ಮಾತಾಡುವುದು ಏನೆಂದು ಇಬ್ಬರಿಗೂ ತಿಳಿಯಲಿಲ್ಲ. ಅವಳು ಹೊಟ್ಟೆಯಲ್ಲಿದ್ದಾಗ ನಾನು ಮೊದಲ ಸಲ ವಿಮಾನ ಹತ್ತಿದ್ದು. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. ಎಲ್ಲ ಕೂಡಿಸಿದರೂ ನಾವಿಬ್ಬರು ಒಂದೇ ಮಾಡಿನ ಕೆಳಗೆ ಇದ್ದದ್ದು ಒಂದು ವರ್ಷ ಆಗುವುದಿಲ್ಲ. ನಮ್ಮ ಮನೆಮಾತು ಕೊಂಕಣಿ. ಅದರಲ್ಲಿಯೂ ಅವಳು ನನ್ನೊಡನೆ ಟೀಚರಿಗೆ ಪಾಠ ಒಪ್ಪಿಸುವ ಹಾಗೆ ಮಾತಾಡುತ್ತಿದ್ದಳು.

ನನಗೆ ಬರುವ ಕೆಲಸ ಒಂದೇ. ಫೆಬ್ರವರಿಯಲ್ಲಿ ನಾಲ್ಕಡಿಯ ಗಾಜಿನ ತೊಟ್ಟಿ ತರಿಸಿ ಹಾಲ್‌ನಲ್ಲಿ ಇಟ್ಟೆ. ದೇವರ ಪೀಠದ ಎದುರಿಗೇ ಮೀನೇ ಎಂದು ನೆಂಟರು ಮೂಗು ಮುರಿದರು. ಅವರ ಮಾತಿಗೆ ನಾನು ಕಿವಿಗೊಡಲಿಲ್ಲ. ಸಮುದ್ರದ ನೀರನ್ನು ಕಾಪುವಿನಿಂದ ಕ್ಯಾನುಗಳಲ್ಲಿ ತಂದೆ. ನಮ್ಮ ಉದ್ಯಾವರದ ಹೊಳೆ ಸಮುದ್ರ ಸೇರುವ ಕಡೆಯ ನೀರು ಆಗುವುದಿಲ್ಲ, ಅದರಲ್ಲಿ ಸಿಹಿನೀರಿನ ಬೆರಕೆ ಇರುತ್ತದೆ. ಕಾಪುವಿನ ದೀಪಸ್ತಂಭದ ಆಚೆ, ಬಂಡೆಗಳ ಕಡೆಯಿಂದ ತೆಗೆದರೆ ಉಪ್ಪು ಸರಿಯಾಗಿರುತ್ತದೆ. ನೀರು ಹದಕ್ಕೆ ಬರಲು ಒಂದೂವರೆ ತಿಂಗಳು ಕಾದೆ. ಕಾಯುವುದರಲ್ಲಿ ನಾನು ಗಟ್ಟಿಗ.

ಏಪ್ರಿಲಿನ ಒಂದು ಶನಿವಾರ ಮಣಿಪಾಲದ ಮೀನಿನ ಅಂಗಡಿಗೆ ಹೊರಟಾಗ, ಬರುತ್ತೀಯಾ ಎಂದು ಮಗಳನ್ನು ಕೇಳಿದೆ. ಬರಲಿಕ್ಕಿಲ್ಲ ಎಂದುಕೊಂಡಿದ್ದೆ, ಆದರೆ ಬಂದಳು. ಹಾಸ್ಟೆಲು, ಜೆರಾಕ್ಸ್ ಅಂಗಡಿ, ಬಿರಿಯಾನಿ ಹೋಟೆಲುಗಳ ನಡುವೆ ಮೆಟ್ಟಿಲಿಳಿದು ಹೋಗುವ ಅಂಗಡಿ ಅದು. ಸಾಕುವವರು ಹೆಚ್ಚಾಗಿ ಹುಡುಗರು, ಪರೀಕ್ಷೆ ಮುಗಿದು ಊರಿಗೆ ಹೋಗುವಾಗ ಮೀನನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಸಿಂಹಮೀನೂ ಹಾಗೆ ಯಾರೋ ಬಿಟ್ಟದ್ದೇ ಇರಬೇಕು. ನನ್ನ ಕೈಬೆರಳಿನಷ್ಟು ಉದ್ದ, ಒಂದು ಮೂಲೆಯಲ್ಲಿ ತಲೆ ಕೆಳಗೆ ಮಾಡಿ ನಿಂತಿತ್ತು.

"ನಿನ್ನೆ ಚೆನ್ನಾಗಿ ತಿಂದಿದೆ ಸರ್" ಎಂದ ಅಂಗಡಿಯವನು.

"ನಿನ್ನೆಯದ್ದು ನನಗೆ ಎಂತಕ್ಕೆ ಮಾರಾಯ. ಈಗ ತಿನ್ನಿಸಿ ತೋರಿಸು."

ಅವನು ಗೊಣಗುತ್ತಾ ಒಂದು ಜೀವಂತ ಸಿಗಡಿಮರಿಯನ್ನು ಬಿಟ್ಟ. ಸಿಂಹಮೀನು ತಿರುಗಿತು. ರೆಕ್ಕೆಗಳನ್ನು ಎರಡೂ ಕಡೆ ಬಿಚ್ಚಿ, ಸಿಗಡಿಯನ್ನು ಗಾಜಿನ ಮೂಲೆಗೆ ಒತ್ತರಿಸುತ್ತ ಒತ್ತರಿಸುತ್ತ ಹೋಯಿತು. ಅವಸರವೇ ಇಲ್ಲ. ಆಮೇಲೆ ಸಿಗಡಿ ಇಲ್ಲ, ಅಷ್ಟೇ. ಬಾಯಿ ತೆರೆದದ್ದೇ ಕಾಣಲಿಲ್ಲ. ಮಗಳು ಉಸಿರೆಳೆದುಕೊಂಡು ನನ್ನ ಅಂಗಿಯ ತೋಳನ್ನು ಹಿಡಿದಳು. ಅವಳು ದೊಡ್ಡವಳಾದ ಮೇಲೆ ತಾನಾಗಿ ನನ್ನನ್ನು ಮುಟ್ಟಿದ್ದು ಅದೇ ಮೊದಲು. ಆ ಖುಷಿಗೆ ಅಂಗಡಿಯವನು ಹೇಳಿದ ಬೆಲೆಗೆ ನಾನು ಚೌಕಾಸಿಯನ್ನೂ ಮಾಡಲಿಲ್ಲ.

ಹೊರಗೆ ಬಂದು ಜ್ಯೂಸ್ ಅಂಗಡಿಯಲ್ಲಿ ಕೂತೆವು. ಮೀನಿನ ಚೀಲವನ್ನು ಅವಳು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅದು ಪೊರೆ ಕಳಚುತ್ತದೆ, ಅದಕ್ಕೆ ರೆಪ್ಪೆ ಇಲ್ಲ, ನಮ್ಮ ಕಡೆಯ ಬಲೆಗೂ ಒಮ್ಮೊಮ್ಮೆ ಸಿಗುತ್ತದೆ, ಮುಳ್ಳಿಗೆ ಹೆದರಿ ಕೋಲಿನಿಂದ ಎತ್ತಿ ಎಸೆಯುತ್ತಾರೆ ಎಂದೆಲ್ಲ ನಾನು ಒಂದೇ ಸಮನೆ ಹೇಳಿದೆ. ಅವಳು ಕೇಳುತ್ತಿದ್ದಳು. ಅವಳ ಗ್ಲಾಸು ಹಾಗೆಯೇ ಇತ್ತು. ನಾನು ಅದನ್ನೂ ಕುಡಿದು ಎದ್ದೆ.

ಸಿಂಹಮೀನು ಸಾಕುವುದರಲ್ಲಿ ಕಷ್ಟದ ಕೆಲಸ ಇದರ ನಂತರ ಶುರುವಾಗುತ್ತದೆ. ಅದಕ್ಕೆ ಓಡಾಡುವ ಜೀವವೇ ಬೇಕು. ದಿನಾ ಜೀವಂತ ಸಿಗಡಿ ಎಲ್ಲಿಂದ ತರುವುದು? ಕೆರೆಯ ಸಣ್ಣ ಮೀನು ಕೊಡುತ್ತ ಹೋದರೆ ಅದು ತಿನ್ನುತ್ತದೆ, ಆದರೆ ಸಿಹಿನೀರಿನ ಮೀನು ಅದಕ್ಕೆ ಹಿಡಿಸುವುದಿಲ್ಲ, ಒಳಗಿಂದೊಳಗೇ ಕೆಟ್ಟು ಸಾಯುತ್ತದೆ. ಹಾಗಾಗಿ ಸತ್ತದ್ದನ್ನು ತಿನ್ನಲು ಕಲಿಸಬೇಕು. ಕಲಿಸುವ ಕ್ರಮ ಒಂದೇ. ಮೊದಲು ಎರಡು-ಮೂರು ದಿನ ಏನೂ ಕೊಡಬಾರದು. ಆಮೇಲೆ ತೆಳ್ಳಗಿನ ಕಡ್ಡಿಯ ತುದಿಗೆ ಸಿಗಡಿಯ ಚೂರು ಸಿಕ್ಕಿಸಿ, ಜೀವ ಇದ್ದ ಹಾಗೆ ನೀರಿನಲ್ಲಿ ಆಡಿಸಬೇಕು. ತಿನ್ನದಿದ್ದರೆ ಸ್ವಲ್ಪ ಹೊತ್ತಿಗೆ ತೆಗೆದುಬಿಡಬೇಕು. ಬಾಯಿಗೆ ತುರುಕಬಾರದು. ಗಾಜಿನ ಹತ್ತಿರ ನಿಂತು ದಿಟ್ಟಿಸಬಾರದು, ದೂರ ನಿಲ್ಲಬೇಕು. ಮುಖ್ಯವಾಗಿ ಪಾಪ ಎನ್ನಬಾರದು. ಹಸಿದರೆ ತಿನ್ನುತ್ತದೆ. ನನ್ನ ಕೈಯಲ್ಲಿ ಹೀಗೆ ಕಲಿತ ಮೀನುಗಳು ಎಷ್ಟೋ. ಒಂದೂ ಹಸಿವಿನಿಂದ ಸತ್ತಿಲ್ಲ.

ಪಕ್ಕದ ಹಿತ್ತಿಲಿನಲ್ಲಿ ಒಂದು ಬ್ಯಾರಿ ಕುಟುಂಬವಿದೆ. ಗಂಡನಿಗೆ ಕಾಪುವಿನಲ್ಲಿ ಅಂಗಡಿ. ಆ ಹೆಂಗಸು ನನ್ನ ಹೆಂಡತಿಗೆ ಬಹಳ ಬೇಕಾದವಳು. ಎರಡನೇ ದಿನವೇ ಒಂದು ಬಟ್ಟಲಲ್ಲಿ ಸಿಗಡಿ ಹಿಡಿದುಕೊಂಡು ಬಂದಳು. "ತೊಳೆದು ಉಪ್ಪು ಅರಸಿನ ಹಚ್ಚಿದ್ದೇನೆ. ನಿಮ್ಮ ಮೀನಿಗೆ ಕೊಡಿ. ಪಾಪ, ಎಷ್ಟೊತ್ತಿಂದ ನೋಡ್ತಾ ಉಂಟು." ಮೀನಿಗೆ ಮಸಾಲೆ ಹಚ್ಚಿದ ಸಿಗಡಿ. ನಾನು ನಕ್ಕು ಬಟ್ಟಲನ್ನು ಇಟ್ಟುಕೊಂಡು ಸಾರು ಮಾಡಿದೆ. ನಮ್ಮ ಕರಾವಳಿಯ ಹೆಂಗಸರಿಗೆ ಎದುರಿಗಿರುವ ಜೀವ ತಿನ್ನುತ್ತಿಲ್ಲ ಎಂದರೆ ತಡೆಯುವುದಿಲ್ಲ. ನನಗೆ ಆಗ ಅದು ಅವರ ಬುದ್ಧಿಯ ಕೊರತೆ ಎನ್ನಿಸುತ್ತಿತ್ತು.

ನಾಲ್ಕನೇ ದಿನ ಕಡ್ಡಿ ಆಡಿಸಿದೆ, ಮೀನು ಮುಖ ತಿರುಗಿಸಿತು. ಐದನೇ ದಿನವೂ ಅಷ್ಟೇ. ಆರನೇ ದಿನ ನೋಡುತ್ತೇನೆ, ಹೊಟ್ಟೆ ದುಂಡಗಾಗಿದೆ. ಮಗಳನ್ನು ಕರೆದೆ. ಅವಳು ಸುಳ್ಳು ಹೇಳಲಿಲ್ಲ. ಬಸ್ಸಿನಿಂದ ಇಳಿದು ಬರುವಾಗ ಗದ್ದೆಯ ತೋಡಿನಲ್ಲಿ ಟಿಫಿನ್ ಡಬ್ಬದ ಮುಚ್ಚಳ ಮುಳುಗಿಸಿ ಸಣ್ಣ ಮೀನು ಹಿಡಿದು ತಂದು ಹಾಕಿದ್ದಳು.

ನನಗೆ ಸಿಟ್ಟು ಜಾಸ್ತಿ. ಅಲ್ಲಿ ಹತ್ತೊಂಬತ್ತು ವರ್ಷ ಸಿಟ್ಟು ನುಂಗಿಕೊಂಡು ಸಲಾಂ ಹೊಡೆದವನಿಗೆ ಇಲ್ಲಿ ಬಂದ ಮೇಲೆ ನುಂಗಲು ಆಗುತ್ತಿರಲಿಲ್ಲ. "ನಿನ್ನ ಪಾಪದಿಂದ ಅದು ಸಾಯ್ತದೆ, ಗೊತ್ತುಂಟಾ? ಆರು ದಿನದ ಕೆಲಸ ಹಾಳು ಮಾಡಿದೆ."

"ಅದಕ್ಕೆ ಸತ್ತದ್ದು ಬೇಡ ಪಪ್ಪಾ" ಎಂದಳು.

"ಬೇಡ ಅಂದರೆ ಆಗುವುದಿಲ್ಲ. ಕಲಿಯಬೇಕು. ಹಸಿದರೆ ತಾನಾಗಿ ಬರ್ತದೆ."

ಅವಳು ಕೋಣೆಗೆ ಹೋದಳು. ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಒಂಬತ್ತನೇ ದಿನ ಸಂಜೆ ಅದು ಕಡ್ಡಿಯ ಹತ್ತಿರ ಬಂತು, ಮೂಸುವ ಹಾಗೆ ನಿಂತಿತು, ಚೂರನ್ನು ಎಳೆದುಕೊಂಡಿತು. ನಾನು ಜೋರಾಗಿ ಮಗಳನ್ನು ಕೂಗಿ ಕರೆದು ಇನ್ನೊಂದು ಚೂರು ಕೊಟ್ಟು ತೋರಿಸಿದೆ. ಅದೂ ಹೋಯಿತು. ಅವಳು ಬಾಗಿಲಲ್ಲಿ ನಿಂತು ನೋಡಿದಳು.

"ಸೋತಿತು ಅಲ್ವಾ" ಎಂದಳು.

ನಾನು ಗೆದ್ದ ಸಂತೋಷದಲ್ಲಿದ್ದೆ. ಆ ಮಾತು ಕಿವಿಯ ಮೇಲೆ ಹಾದುಹೋಯಿತು.

ಆಮೇಲೆ ಮೀನು ಸರಿಯಾಯಿತು. ವಾರಕ್ಕೆ ಮೂರು ಸಲ ಉಣಿಸುತ್ತಿದ್ದೆ, ಒಂದು ದಿನ ಸಿಗಡಿ, ಒಂದು ದಿನ ಹಲವು ಕಾಲಿನ ಬೊಂಡಾಸಿನ ಚೂರು, ಒಂದು ದಿನ ಕಾಣೆ ಮೀನಿನ ಎಳೆ. ಬೂತಾಯಿ ಮೀನು ಕೊಡುತ್ತಿರಲಿಲ್ಲ. ನಮಗೆ ಅದು ಅಮೃತ, ಸಿಂಹಮೀನಿಗೆ ದಿನಾ ಕೊಟ್ಟರೆ ಕ್ರಮೇಣ ದವಡೆ ಹಿಡಿದುಕೊಳ್ಳುತ್ತದೆ. ಜೂನಿನಲ್ಲಿ ಬೋಟುಗಳು ದಡ ಸೇರಿದ ಮೇಲೆ ಹಸಿ ಮೀನು ಸಿಗಲಿಕ್ಕಿಲ್ಲವೆಂದು ಮೇ ತಿಂಗಳಲ್ಲಿಯೇ ಸಣ್ಣ ಸಣ್ಣ ಪೊಟ್ಟಣ ಮಾಡಿ ಫ್ರೀಜರಿನಲ್ಲಿ ಇಟ್ಟಿದ್ದೆ. ಕಾಪುವಿನಿಂದ ನೀರನ್ನೂ ತಂದು ತುಂಬಿಸಿದ್ದೆ, ಮಳೆ ಬಿದ್ದ ಮೇಲೆ ದಡದ ನೀರಿನಲ್ಲಿ ಉಪ್ಪು ಇಳಿಯುತ್ತದೆ. ಮೀನಿನ ಬಗ್ಗೆ ನಾನು ಮರೆತದ್ದು ಒಂದೂ ಇಲ್ಲ.

ಮಗಳು ಸಣ್ಣಗಾಗುತ್ತಿದ್ದದ್ದು ಕಾಣುತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಕಾಣುತ್ತಿತ್ತು. ಮೊದಮೊದಲು ಅವಳ ಟಿಫಿನ್ ಡಬ್ಬ ತೊಳೆದಿಟ್ಟ ಹಾಗೆ ಖಾಲಿಯಾಗಿ ಬರುತ್ತಿತ್ತು, ನನ್ನ ಅಡುಗೆ ಹಿಡಿಸಿದೆ ಎಂದುಕೊಂಡೆ. ಜೂನಿನಲ್ಲಿ ಒಂದು ದಿನ ಬಸ್ ನಿಲ್ಲುವ ಕಡೆ ಎರಡು ನಾಯಿಗಳು ಅವಳ ಹಿಂದೆ ಹಿಂದೆ ಬಾಲ ಅಲ್ಲಾಡಿಸಿಕೊಂಡು ಬರುವುದನ್ನು ಕಂಡಾಗ ಡಬ್ಬ ಎಲ್ಲಿ ಖಾಲಿಯಾಗುತ್ತದೆ ಎಂದು ತಿಳಿಯಿತು. ಅಂದಿನಿಂದ ಊಟದ ಮೇಜಿನಲ್ಲಿ ಗಮನಿಸತೊಡಗಿದೆ. ಅನ್ನವನ್ನು ಕಲಸುತ್ತಾಳೆ, ಆ ಕಡೆ ಈ ಕಡೆ ಸರಿಸುತ್ತಾಳೆ, ಎರಡು ತುತ್ತಿಗೆ ಸಾಕು ಎನ್ನುತ್ತಾಳೆ.

ಪಕ್ಕದ ಹೆಂಗಸು ಬೇಲಿಯ ಹತ್ತಿರ ನನ್ನನ್ನು ನಿಲ್ಲಿಸಿ ಹೇಳಿದಳು: "ಎಂತ, ಹುಡುಗಿ ಕಡ್ಡಿಯ ಹಾಗೆ ಆಗಿದ್ದಾಳೆ. ನೀವು ಸ್ವಲ್ಪ ಒತ್ತಾಯ ಮಾಡಿ ಉಣಿಸಿ. ಅವಳ ತಾಯಿ ಹಿಂದೆ ಬಿದ್ದು ಬಿದ್ದು ತಿನ್ನಿಸ್ತಿದ್ದದ್ದು."

ಒತ್ತಾಯ. ನನಗೆ ಆ ಪದ ಕೇಳಿದರೇ ಆಗುವುದಿಲ್ಲ. ನಮ್ಮ ಮನೆಗಳಲ್ಲಿ ಬಂದವರ ಬಟ್ಟಲಿಗೆ ಕೈ ಅಡ್ಡ ಹಿಡಿದರೂ ಸುರಿಯುತ್ತಾರೆ. ಬೇಡ ಎಂದವರಿಗೆ ಬಡಿಸುವುದು, ಬಡಿಸಿದ ಮೇಲೆ ಎದುರಿಗೆ ಕೂತು ನೋಡುವುದು, ತಿನ್ನದಿದ್ದರೆ ಮುಖ ಸಣ್ಣ ಮಾಡುವುದು. ನನಗೆ ಬೇರೆ ವಿದ್ಯೆ ಗೊತ್ತಿತ್ತು. ಹತ್ತೊಂಬತ್ತು ವರ್ಷ ಸಂಬಳ ತಂದುಕೊಟ್ಟ ವಿದ್ಯೆ. ಹಾಗಾಗಿ ನಾನು ಬಟ್ಟಲು ಇಟ್ಟು ಹಾಲ್‌ಗೆ ಹೋಗುತ್ತಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಬಂದು, ತಿನ್ನದೆ ಉಳಿದದ್ದನ್ನು ಒಂದು ಮಾತೂ ಆಡದೆ ಎತ್ತಿಕೊಂಡು ಹೋಗುತ್ತಿದ್ದೆ. ಯಾಕೆ ತಿನ್ನಲಿಲ್ಲ ಎಂದು ಕೇಳಲಿಲ್ಲ. ಇನ್ನೊಂದು ತುತ್ತು ಎನ್ನಲಿಲ್ಲ. ಬೇರೆ ಏನಾದರೂ ಮಾಡಲೇ ಎನ್ನಲಿಲ್ಲ. ತಿಂಡಿ ಡಬ್ಬಗಳನ್ನು ಖಾಲಿ ಮಾಡಿದೆ, ಹೊಟ್ಟೆ ಹಸಿದರೆ ಊಟಕ್ಕೇ ಬರಲಿ ಎಂದು. ಪಕ್ಕದವಳಿಗೆ ಹೇಳಿದ್ದೂ ಅದನ್ನೇ: "ಬಿಡಿ, ಹಸಿದರೆ ತಿನ್ನುತ್ತಾಳೆ."

ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ನಾನು ಕೆಟ್ಟವನಾಗಿದ್ದರೆ ಒಂದು ಸಮಾಧಾನವಾದರೂ ಇರುತ್ತಿತ್ತು. ನಾನು ಅದನ್ನೆಲ್ಲ ಮಾಡಿದ್ದು ಪ್ರೀತಿಯಿಂದ, ಬಲ್ಲವನ ತಾಳ್ಮೆಯಿಂದ.

ಜುಲೈಯ ಒಂದು ಮಧ್ಯಾಹ್ನ ಅವಳು ನಿಟ್ಟೆಯಲ್ಲಿ ತರಗತಿಯಿಂದ ಹೊರಗೆ ಬರುವಾಗ ಬಿದ್ದಳು. ಗೆಳತಿಯರು ಎತ್ತಿ ಕೂರಿಸಿದರೆ ಮತ್ತೆ ಬಿದ್ದಳಂತೆ. ಅಲ್ಲಿಂದ ಆಂಬುಲೆನ್ಸಿನಲ್ಲಿ ಮಣಿಪಾಲದ ಆಸ್ಪತ್ರೆಗೆ ತಂದರು. ನಾನು ಸುರಿಯುವ ಮಳೆಯಲ್ಲಿ ಉದ್ಯಾವರದಿಂದ ರಿಕ್ಷಾದಲ್ಲಿ ಹೋದೆ. ಹಾಸಿಗೆಯಲ್ಲಿ ಅವಳನ್ನು ನೋಡಿದಾಗಲೇ ನನಗೆ ಪೂರ್ತಿ ಕಂಡದ್ದು. ಮನೆಯಲ್ಲಿ ಅವಳು ದೊಗಳೆ ಚೂಡಿದಾರದಲ್ಲಿ ಇರುತ್ತಿದ್ದಳು. ಇಲ್ಲಿ ಆಸ್ಪತ್ರೆಯ ಅಂಗಿಯ ಕುತ್ತಿಗೆಯಲ್ಲಿ ಎರಡು ಮೂಳೆ ಎದ್ದು ಕಾಣುತ್ತಿದ್ದವು. ಸೂಜಿ ಚುಚ್ಚಲು ನರ ಸಿಗದೆ ನರ್ಸ್ ಮೂರು ಕಡೆ ಹುಡುಕಿದ್ದರು.

ಡಾಕ್ಟರ್ ಚಿಕ್ಕ ಪ್ರಾಯದ ಹೆಂಗಸು. ರಕ್ತದಲ್ಲಿ ಲವಣಗಳು ತುಂಬ ಇಳಿದಿವೆ, ಹೃದಯದ ಬಡಿತ ಅದರಿಂದ ಹೆಚ್ಚುಕಡಿಮೆಯಾಗಿದೆ, ಇನ್ನು ಕೆಲವು ದಿನ ಹೀಗೇ ಬಿಟ್ಟಿದ್ದರೆ ಏನು ಬೇಕಾದರೂ ಆಗಬಹುದಿತ್ತು ಎಂದರು. ಆಮೇಲೆ ಪೆನ್ನು ತೆರೆದು ಕೇಳಿದರು: "ಎಷ್ಟು ದಿನದಿಂದ ಊಟ ಕಡಿಮೆಯಾಗಿದೆ?"

ನಾನು ಬೆರಳಲ್ಲಿ ತಿಂಗಳುಗಳನ್ನು ಎಣಿಸತೊಡಗಿದೆ, ಡಾಕ್ಟರ್ ಮುಂದಿನದ್ದನ್ನು ಕೇಳಿದರು.

"ಅವಳಿಗೆ ಇಷ್ಟದ ತಿಂಡಿ ಯಾವುದು? ನಳಿಗೆಯಲ್ಲಿ ಎಷ್ಟು ದಿನ ಅಂತ ಕೊಡುವುದು? ಬಾಯಿಯಿಂದ ತಿನ್ನಬೇಕು. ಇಷ್ಟದ್ದರಿಂದ ಶುರು ಮಾಡುವ."

ನಾನು ತಲೆ ಕೆಳಗೆ ಹಾಕಿ ಯೋಚಿಸಿದೆ. ಹತ್ತೊಂಬತ್ತು ವರ್ಷದ ಫೋನಿನ ಮಾತುಗಳನ್ನೆಲ್ಲ ಕೆದಕಿದೆ. ಮಗಳ ಅಂಕ ಗೊತ್ತಿತ್ತು, ಫೀಸು ಗೊತ್ತಿತ್ತು, ಚಪ್ಪಲಿಯ ಸೈಜು ಕೂಡ ಗೊತ್ತಿತ್ತು, ಪ್ರತಿ ಸಲ ಬರುವಾಗ ತರುತ್ತಿದ್ದೆನಲ್ಲ. ಕೊನೆಗೆ ಒಂದು ನೆನಪಾಯಿತು. ಮಳೆಗಾಲ ಬಂತೆಂದರೆ ಹೆಂಡತಿ ಫೋನಿನಲ್ಲಿ ಹೇಳುತ್ತಿದ್ದಳು: ನಿಮ್ಮ ಮಗಳಿಗೆ ಪತೋಳಿ ಮಾಡಿ ಮಾಡಿ ನನಗೆ ಸಾಕಾಯಿತು, ಒಂದೇ ಸಲಕ್ಕೆ ಐದು ತಿನ್ನುತ್ತಾಳೆ. ಅರಸಿನದ ಎಲೆಗೆ ಅಕ್ಕಿಹಿಟ್ಟು ಸವರಿ, ಬೆಲ್ಲ ತೆಂಗಿನಕಾಯಿ ಇಟ್ಟು ಮಡಚಿ ಹಬೆಯಲ್ಲಿ ಬೇಯಿಸುವ ತಿಂಡಿ. ಎಲೆ ಚಿಗುರುವ ಕಾಲದಲ್ಲಿ ಮಾತ್ರ ಮಾಡುತ್ತಾರೆ. ಈಗ ಅದೇ ಕಾಲ. ಪರೀಕ್ಷೆಯಲ್ಲಿ ಗೊತ್ತಿದ್ದ ಒಂದೇ ಪ್ರಶ್ನೆ ಬಂದವನ ಹಾಗೆ ನನಗೆ ಜೀವ ಬಂತು.

ಕಾರ್ಕಳದಿಂದ ಹೆಂಡತಿಯ ಅಕ್ಕ ಬಂದು ಮಗಳ ಹತ್ತಿರ ಕೂತರು. ಮರುದಿನ ಬೆಳಿಗ್ಗೆ ನಾನು ಮನೆಗೆ ಹೋಗಿ ಹಿತ್ತಿಲಿಗೆ ಇಳಿದೆ. ಬಾವಿಯ ಕಟ್ಟೆಯ ಪಕ್ಕದಲ್ಲಿ ಅರಸಿನದ ಗಿಡಗಳು ಮೊಣಕಾಲಿನವರೆಗೆ ಬಂದಿದ್ದವು. ಒಳ್ಳೆಯ ಅಗಲದ ಎಲೆಗಳನ್ನು ಆರಿಸಿ ಕೊಯ್ದೆ. ಅಕ್ಕಿ ನೆನೆಸಿ ರುಬ್ಬಿದೆ. ಹಿಟ್ಟು ಮೊದಲು ನೀರಾಯಿತು, ಎರಡನೇ ಸಲ ಸರಿ ಬಂತು. ಎಂಟು ಪತೋಳಿಯಲ್ಲಿ ಮೂರು ಒಡೆದವು. ಉಳಿದ ಐದನ್ನು ಸ್ಟೀಲ್ ಡಬ್ಬದಲ್ಲಿಟ್ಟು, ಬಿಸಿ ಹೋಗದ ಹಾಗೆ ಟವಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಮಣಿಪಾಲಕ್ಕೆ ಹೋದೆ. ದಾರಿಯುದ್ದಕ್ಕೂ ನನಗೆ ಸಂತೋಷವೇ. ಕೊನೆಗೂ ಅಪ್ಪನಾದೆ ಎನ್ನುವಂಥ ಸಂತೋಷ.

ಡಬ್ಬ ತೆರೆದ ಕೂಡಲೇ ಎಲೆಯ ಪರಿಮಳ ವಾರ್ಡಿನಲ್ಲಿ ಹರಡಿತು. ಪಕ್ಕದ ಹಾಸಿಗೆಯವರೂ ತಲೆ ಎತ್ತಿದರು. ಅಕ್ಕ ಕುರ್ಚಿಯಿಂದ ಎದ್ದು ನಿಂತರು, ಏನೋ ಹೇಳಲು ಬಾಯಿ ತೆರೆದರು. ಮಗಳು ಡಬ್ಬವನ್ನು ನೋಡಿದಳು.

"ಎಲೆ ಎಲ್ಲಿಯದ್ದು ಪಪ್ಪಾ?"

"ನಮ್ಮದೇ. ಬಾವಿಯ ಹತ್ತಿರದ್ದು."

 ನಾನು ಒಂದನ್ನು ಬಿಚ್ಚಿ, ತುಂಡು ಮಾಡಿ, ಜೀವಮಾನದಲ್ಲಿ ಮೊದಲ ಸಲ ಮಗಳಿಗೆ ಒತ್ತಾಯ ಮಾಡಿದೆ. "ಒಂದೇ ತುಂಡು. ನನಗೋಸ್ಕರ ತಿನ್ನು." ಅವಳು ನನ್ನ ಮುಖ ನೋಡಿ ಬಾಯಿ ತೆರೆದಳು. ನಾನು ಇಟ್ಟೆ. ಅವಳು ಅಗಿಯಲಿಲ್ಲ. ಬಾಯಿ ಮುಚ್ಚಿಕೊಂಡು, ಕಣ್ಣು ತೆರೆದುಕೊಂಡು ಹಾಗೆಯೇ ಇದ್ದಳು, ಎರಡೂ ಕಣ್ಣುಗಳಿಂದ ನೀರು ಇಳಿಯತೊಡಗಿತು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈಯನ್ನು ಹಿಡಿದೆಳೆದು ತುಂಡನ್ನು ನನ್ನ ಅಂಗೈಗೆ ಉಗುಳಿ, ಗೋಡೆಯ ಕಡೆ ತಿರುಗಿದಳು. "ಸಾರಿ ಪಪ್ಪಾ" ಎಂದದ್ದು ಗೋಡೆಗೆ ಹೇಳಿದಂತಿತ್ತು.

ಅಕ್ಕ ನನ್ನನ್ನು ಹೊರಗಿನ ಉದ್ದ ಜಗಲಿಗೆ ಕರೆದುಕೊಂಡು ಹೋದರು. ಹೇಳಬಾರದು ಎಂದು ಹುಡುಗಿ ಆಣೆ ಹಾಕಿಸಿಕೊಂಡಿದ್ದಳು, ಈಗ ಹೇಳದೆ ಆಗುವುದಿಲ್ಲ ಎಂದರು. ತಾಯಿ ತೀರಿಕೊಂಡ ಆ ಆದಿತ್ಯವಾರ ಹಾಸ್ಟೆಲಿನಿಂದ ಬಂದಿದ್ದ ಮಗಳು ಹಾಸಿಗೆಯಿಂದಲೇ ಅಮ್ಮನಿಗೆ ಕೂಗಿ, ಇವತ್ತು ಪತೋಳಿ ಮಾಡು ಎಂದಿದ್ದಳಂತೆ. ಮಳೆ ಉಂಟು, ನಾಳೆ ಮಾಡುವ ಎಂದಿದ್ದಳಂತೆ ಅಮ್ಮ. ನಾಳೆ ನನಗೆ ಕಾಲೇಜು, ಇವತ್ತೇ ಬೇಕು ಎಂದು ಮಗಳು ಹಟ ಮಾಡಿದ್ದಳು. ಹಾಗಾಗಿ ಅಮ್ಮ ಎಲೆ ತರಲು ಬಾವಿಯ ಹತ್ತಿರ ಹೋದದ್ದು. ಬಹಳ ಹೊತ್ತಾದರೂ ಬರಲಿಲ್ಲವೆಂದು ಮಗಳು ಹೋಗಿ ನೋಡಿದಾಗ ಬಿದ್ದಿದ್ದ ಅಮ್ಮನ ಕೈಯಲ್ಲಿ ಎಲೆಗಳಿದ್ದವು.

"ಅಂದಿನಿಂದ ಅವಳಿಗೆ ಗಂಟಲಲ್ಲಿ ಇಳಿಯುವುದಿಲ್ಲ ಭಾವ" ಎಂದರು ಅಕ್ಕ. "ನಿಮಗೆ ಗೊತ್ತಾದರೆ ನೀವು ಅವಳನ್ನು ಕ್ಷಮಿಸಲಿಕ್ಕಿಲ್ಲ ಅಂತ ಹೆದರಿಕೆ ಅವಳಿಗೆ."

ನಾನು ಅಂಗೈ ಮುಚ್ಚಿಕೊಂಡೇ ನಿಂತಿದ್ದೆ. ಮಗಳ ಮೇಲೆ ನನಗೆ ಒಂದು ಕ್ಷಣವೂ ಸಿಟ್ಟು ಬರಲಿಲ್ಲ. ಒಳಗೆ ಹೋಗಿ ಅವಳ ಬೆನ್ನಿನ ಮೇಲೆ ಕೈಯಿಟ್ಟು ಅದನ್ನು ಹೇಳಿದೆ, ನಿನ್ನದು ಏನೂ ತಪ್ಪಿಲ್ಲ ಎಂದೆ. ಅವಳು ಹೂಂ ಎಂದಳು. ಆದರೆ ಒಂದು ಕೇಳಿದಳು, ತಿರುಗದೆಯೇ: "ನಾನು ತಿನ್ನದೆ ಇದ್ದದ್ದು ನಿಮಗೆ ಕಾಣ್ತಿತ್ತಲ್ಲ ಪಪ್ಪಾ. ನೀವು ಎಂತಕ್ಕೆ ಕೇಳಲಿಲ್ಲ? ನೀವು ಕೇಳಿದರೆ ಹೇಳಿಬಿಡುವ ಅಂತ ದಿನಾ ಕಾದೆ."  

ಹನ್ನೊಂದು ದಿನದ ಮೇಲೆ ನಾನು ಮನೆಗೆ ಬಂದು ಹಾಲ್‌ನ ದೀಪ ಹಾಕಿದಾಗ ಸಿಂಹಮೀನು ತನ್ನ ಮೂಲೆಯಲ್ಲಿ ಆರಾಮವಾಗಿ ನಿಂತಿತ್ತು. ಪತೋಳಿ ಮಾಡಲು ಬಂದ ದಿನವೂ ಅದು ನನಗೆ ನೆನಪಾಗಿರಲಿಲ್ಲ, ಹನ್ನೊಂದು ದಿನ ಯಾರೂ ಉಣಿಸಿರಲಿಲ್ಲ. ಕಣ್ಣು ತಿಳಿ, ರೆಕ್ಕೆ ಸರಿ, ಏನೂ ಆಗಿರಲಿಲ್ಲ. ಅದನ್ನು ಕಂಡು ನನಗೆ ಬಂದ ಸಿಟ್ಟು ಹೇಳತೀರದು. ಮರುದಿನವೇ ಚೀಲಕ್ಕೆ ಹಾಕಿ ಮಣಿಪಾಲದ ಅಂಗಡಿಗೆ ತೆಗೆದುಕೊಂಡು ಹೋಗಿ ಕೊಟ್ಟೆ. ಹಣ ಬೇಡ ಎಂದೆ. ಸತ್ತದ್ದನ್ನೂ ತಿನ್ನುತ್ತದಾ ಸರ್ ಎಂದು ಅವನು ಕೇಳಿದ. ತಿನ್ನುತ್ತದೆ ಎಂದು ಹೇಳಿ ಮೆಟ್ಟಿಲು ಹತ್ತಿ ಬಂದೆ.

ಮಗಳು ಉದ್ಯಾವರಕ್ಕೆ ಮರಳಲಿಲ್ಲ. ಆಸ್ಪತ್ರೆಯಿಂದ ನೇರ ಕಾರ್ಕಳಕ್ಕೆ, ದೊಡ್ಡಮ್ಮನ ಮನೆಗೆ ಹೋದಳು. ಅಲ್ಲಿಂದ ನಿಟ್ಟೆ ಹತ್ತಿರ. ಆಸ್ಪತ್ರೆಯಲ್ಲಿ ಅವಳನ್ನು ಮನಸ್ಸಿನ ವಿಷಯಕ್ಕೆ ಮಾತಾಡಿಸುವ ಡಾಕ್ಟರೂ ಅದೇ ಒಳ್ಳೆಯದು ಎಂದರು. ಅಕ್ಕ ಗಂಜಿ, ಒಣಸಿಗಡಿಯ ಚಟ್ನಿ, ಒಂದು ಚೂರು ಮಾವಿನಕಾಯಿ ಇಟ್ಟು, ಪಕ್ಕದ ಕುರ್ಚಿಯಲ್ಲಿ ಕೂತು ತಾವೂ ತಿನ್ನುತ್ತ ಊರ ಸುದ್ದಿ ಹೇಳುತ್ತಾರಂತೆ. ಅವಳು ಸ್ವಲ್ಪ ಸ್ವಲ್ಪ ತಿನ್ನತೊಡಗಿದಳು. ಮೊದಲ ತಿಂಗಳು ಅರ್ಧ ಬಟ್ಟಲು, ಈಗ ಒಂದು. ಕೆನ್ನೆ ತುಂಬಿಕೊಳ್ಳುತ್ತಿದೆ.

ನಾನು ಪ್ರತಿ ಆದಿತ್ಯವಾರ ಪೂಜೆ ಮುಗಿಸಿ ಬಸ್ಸಿನಲ್ಲಿ ಹೋಗುತ್ತೇನೆ. ಅವಳು ನನ್ನೊಡನೆ ಚೆನ್ನಾಗಿಯೇ ಮಾತಾಡುತ್ತಾಳೆ, ಮೊದಲಿಗಿಂತ ಹೆಚ್ಚೇ. ಒಂದೇ ಒಂದು ವಿಷಯ, ನನ್ನೆದುರಿಗೆ ಅವಳಿಗೆ ತಿನ್ನಲು ಆಗುವುದಿಲ್ಲ. ಒಮ್ಮೆ ಪ್ರಯತ್ನ ಮಾಡಿದಳು, ಆ ದಿನವೆಲ್ಲ ವಾಂತಿ ಮಾಡಿಕೊಂಡಳು. ಅದರ ನಂತರ ಅಕ್ಕ ನನಗೆ ಮೊದಲೇ ಬಡಿಸಿ ಮುಗಿಸುತ್ತಾರೆ. ಆಮೇಲೆ ನಾನು ಎದುರಿನ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಮಗಳು ಬಂದು, ನನ್ನ ಮನಸ್ಸಿಗೆ ನೋವಾಗದ ಹಾಗೆ, ಬಾಗಿಲನ್ನು ಮೆಲ್ಲನೆ ಮುಂದೆ ಮಾಡಿ ಒಳಗೆ ಹೋಗುತ್ತಾಳೆ. ಚಮಚ ಬಟ್ಟಲಿಗೆ ತಾಗುವ ಸದ್ದು ಕೇಳುತ್ತದೆ. ನಾನು ರಸ್ತೆಯ ಬಸ್ಸುಗಳನ್ನು ನೋಡುತ್ತ ಆ ಸದ್ದನ್ನು ಕೇಳುತ್ತೇನೆ.

ಹೋದ ವಾರ ಜೋರು ಗಾಳಿಯಿತ್ತು. ಅವಳು ಮುಂದೆ ಮಾಡಿದ ಬಾಗಿಲು ಗಾಳಿಗೆ ಪೂರ್ತಿ ತೆರೆದುಕೊಂಡಿತು. ನನಗೆ ಅವಳ ಬೆನ್ನು ಕಂಡಿತು. ಬಟ್ಟಲಿನ ಮೇಲೆ ಬಗ್ಗಿದ ತಲೆ ಕಂಡಿತು, ಬಾಯಿಗೆ ಹೋಗುವ ಕೈ ಕಂಡಿತು, ಕೆನ್ನೆ ಅಲ್ಲಾಡುವುದು ಕಂಡಿತು. ನನ್ನ ಮಗಳು ಹಸಿದವರ ಹಾಗೆ ತಿನ್ನುತ್ತಿದ್ದಳು. ಹಿಂದೆ ಬಾಗಿಲು ತೆರೆದದ್ದು ಅವಳಿಗೆ ಗೊತ್ತಿರಲಿಲ್ಲ. ಇನ್ನೊಂದು ಕ್ಷಣ ನೋಡೋಣ ಎಂದು ಬಹಳ ಆಸೆಯಾಯಿತು. ನಾನು ಎದ್ದು ಹೋಗಿ, ಚಿಲಕ ಸದ್ದಾಗದಂತೆ ಕೈಯಲ್ಲಿ ಹಿಡಿದುಕೊಂಡು, ಬಾಗಿಲನ್ನು ಹೊರಗಿನಿಂದ ಎಳೆದು ಮುಚ್ಚಿದೆ. ಅವಳು ತಿಂದು ಮುಗಿಸುವವರೆಗೆ ಅದು ತೆರೆಯದ ಹಾಗೆ ಹಿಡಿದುಕೊಂಡೇ ನಿಂತಿದ್ದೆ.